ಅಪ್ಪಯ್ಯನ ಉಯಿಲಿನ ಅಂಚಿನಲ್ಲಿ ನೀಲಿ ಶಾಯಿಯ ಒಂದು ಸಾಲು

ತುಂಗಾತೀರ · ಭಾನುವಾರ, ರಾತ್ರಿ 9:15

ಮನೆಯಲ್ಲಿ ಹಿರಿಯರು ಉಯಿಲು ಬರೆದಿಟ್ಟಿದ್ದಾರೆ, ಇನ್ನೇನು ಚಿಂತೆ ಎಂದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ವರ್ಷದ ಹಿಂದೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ನಮ್ಮ ಅಪ್ಪಯ್ಯ ಕಳೆದ ಆಷಾಢದಲ್ಲಿ ತೀರಿಕೊಂಡರು. 83 ತುಂಬಿತ್ತು. ಅಡಿಕೆ ಕೊಯ್ಲಿನ ಕೂಲಿಯಿಂದ ಹಿಡಿದು ಹಾಲಿನ ಲೆಕ್ಕದವರೆಗೆ ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದ ಮನುಷ್ಯ. 2003 ರಲ್ಲಿಯೇ ಉಯಿಲು ಬರೆಸಿ, ನೋಂದಣಿ ಮಾಡಿಸಿ, ನಮ್ಮ ಮೂವರನ್ನೂ ಕೂರಿಸಿಕೊಂಡು ಓದಿ ಹೇಳಿದ್ದರು. ತಾವೇ ದುಡಿದು ಕೊಂಡ ಎರಡೂವರೆ ಎಕರೆ ತೋಟ ಅಣ್ಣನಿಗೂ ತಮ್ಮನಿಗೂ ಸಮನಾಗಿ, ಶಿವಮೊಗ್ಗದ ನಿವೇಶನ ನನಗೆ, ಅಮ್ಮನಿಗೆ ಬದುಕಿರುವ ತನಕ ಮನೆಯಲ್ಲಿ ವಾಸದ ಹಕ್ಕು. ಯಾರಿಗೂ ತಕರಾರು ಇರಲಿಲ್ಲ.

ಆಮೇಲೆ ಇಪ್ಪತ್ತು ವರ್ಷ ಕಳೆಯಿತು. 2014 ರಲ್ಲಿ ಅಮ್ಮನ ಹೃದಯದ ಶಸ್ತ್ರಚಿಕಿತ್ಸೆಗೆ ಆ ನಿವೇಶನವನ್ನು ಮಾರಿದರು. ಉಳಿದ ದುಡ್ಡಿಗೆ ತಮ್ಮ ಉಳಿತಾಯ ಸೇರಿಸಿ ಮೈಸೂರಿನಲ್ಲಿ ನನ್ನ ಮನೆಯಿಂದ ಎರಡು ಬೀದಿ ಆಚೆ ಒಂದು ಸಣ್ಣ ಫ್ಲ್ಯಾಟ್ ಕೊಂಡರು. ಗೃಹಪ್ರವೇಶದ ದಿನ ಎಲ್ಲರೆದುರೇ, "ಇದು ಮಗಳದ್ದು" ಎಂದರು. 2019 ರಲ್ಲಿ ನನ್ನ ತಮ್ಮ ರಸ್ತೆ ಅಪಘಾತದಲ್ಲಿ ಹೋದ. ಅವನ ಮಕ್ಕಳಿಗೆ ಈಗ 14 ಮತ್ತು 11 ವರ್ಷ. ಆ ಸಾವಿನ ನಂತರ ಅಪ್ಪಯ್ಯ ಕಾಗದಪತ್ರಗಳ ಬೀರುವನ್ನೇ ತೆರೆಯಲಿಲ್ಲ. ತೆಗೆಯಿರಿ ಎಂದು ಹೇಳುವ ಧೈರ್ಯ ನಮಗೂ ಇರಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ಅಣ್ಣ ಉಯಿಲನ್ನು ಹೊರಗೆ ತೆಗೆದ. ಮೂರನೆಯ ಪುಟದಲ್ಲಿ ನಿವೇಶನದ ವಿವರವಿರುವ ಕಡೆ, ಎಡ ಅಂಚಿನಲ್ಲಿ, ನೀಲಿ ಶಾಯಿಯಲ್ಲಿ ಅಪ್ಪಯ್ಯನ ಕೈಬರಹ: "ನಿವೇಶನ ಮಾರಿದೆ. ಅದರ ಬದಲು ಮೈಸೂರಿನ ಫ್ಲ್ಯಾಟು ಮಗಳಿಗೆ." ಕೆಳಗೆ ಸಹಿ, 4-2-2015. ಸಹಿಯ ಕೊನೆಯ ಅಕ್ಷರದ ಬಾಲವನ್ನು ಕೆಳಕ್ಕೆಳೆದು ಎರಡು ಚುಕ್ಕೆ ಇಡುವುದು ಅವರ ಅಭ್ಯಾಸ. ಆ ಎರಡು ಚುಕ್ಕೆಯೂ ಇದ್ದವು. ನಾನು ಅತ್ತುಬಿಟ್ಟೆ.

ಊರಿನ ವಕೀಲರು ನೋಡಿ, ಈ ಸಾಲಿಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದರು. ಅಣ್ಣ, ಅಮ್ಮ, ತಮ್ಮನ ಹೆಂಡತಿ ಮೂವರೂ ಫ್ಲ್ಯಾಟ್ ನನಗೇ ಸೇರಲಿ ಎನ್ನುತ್ತಿದ್ದಾರೆ. ಆದರೂ ಖಾತೆ ಬದಲಾಗುತ್ತಿಲ್ಲ. ಯಾರೂ ಜಗಳವಾಡದ ಮನೆಯಲ್ಲಿ ಹೀಗೇಕಾಯಿತು ಎಂದು ತಿಳಿದವರು ದಯವಿಟ್ಟು ಹೇಳಿ.

ಧಾರವಾಡದ ವಕೀಲ · ಭಾನುವಾರ, ರಾತ್ರಿ 10:40

ಅಕ್ಕನವರೇ, ನಿಮ್ಮ ವಕೀಲರು ಹೇಳಿದ್ದು ಸರಿ. ಉಯಿಲಿಗೆ ನಮ್ಮ ಕಡೆ ಮೃತ್ಯುಪತ್ರ ಎನ್ನುತ್ತೇವೆ. ಹೆಸರು ಯಾವುದಾದರೂ ನಿಯಮ ಒಂದೇ. 1925 ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63 ನೆಯ ಕಲಂ ಪ್ರಕಾರ ಬರೆದವರ ಸಹಿಯ ಜೊತೆಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಾಕ್ಷಿಗಳು ಅವರು ಸಹಿ ಮಾಡಿದ್ದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಎಂದು ಅವರ ಬಾಯಿಂದಲೇ ಕೇಳಿರಬೇಕು. ಒಮ್ಮೆ ಪೂರ್ಣವಾದ ಉಯಿಲಿನಲ್ಲಿ ಆಮೇಲೆ ಮಾಡಿದ ತಿದ್ದುಪಡಿಗೂ ಇಷ್ಟೇ ಕಟ್ಟುನಿಟ್ಟು ಎಂದು 71 ನೆಯ ಕಲಂ ಹೇಳುತ್ತದೆ. ನಿಮ್ಮ ತಂದೆಯವರ ಅಂಚಿನ ಸಾಲಿನ ಪಕ್ಕದಲ್ಲಿ ಇಬ್ಬರು ನೆರೆಯವರು ಸಹಿ ಹಾಕಿದ್ದರೆ ಇಂದು ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಬ್ಬರ ಸಹಿ, ಐದು ನಿಮಿಷದ ಕೆಲಸ. ಇಂಥದ್ದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನಿವೇಶನದ ವಿಷಯ. ಉಯಿಲಿನಲ್ಲಿ ಗೊತ್ತುಪಡಿಸಿ ಬರೆದ ಸ್ವತ್ತು ಸಾಯುವ ಹೊತ್ತಿಗೆ ಅವರ ಕೈಯಲ್ಲಿ ಇಲ್ಲದಿದ್ದರೆ ಆ ಕೊಡುಗೆ ಅಲ್ಲಿಗೇ ಮುಗಿಯಿತು (ಕಲಂ 152). ಮಾರಿದ ದುಡ್ಡಿನಲ್ಲಿ ಕೊಂಡ ಫ್ಲ್ಯಾಟ್ ಅದರ ಜಾಗಕ್ಕೆ ತಾನಾಗಿ ಬಂದು ಕೂರುವುದಿಲ್ಲ. "ಮೇಲೆ ಹೇಳದೆ ಉಳಿದ ಹಾಗೂ ಮುಂದೆ ನನ್ನ ಹೆಸರಿಗೆ ಬರುವ ಎಲ್ಲ ಸ್ವತ್ತು ಇಂಥವರಿಗೆ" ಎಂಬ ವಾಕ್ಯ ನಿಮ್ಮ ಉಯಿಲಿನಲ್ಲಿ ಇಲ್ಲವೆಂದು ಕಾಣುತ್ತದೆ. ಹಾಗಾಗಿ ಫ್ಲ್ಯಾಟಿನ ಮಟ್ಟಿಗೆ ಅವರು ಉಯಿಲೇ ಬರೆಯದೆ ಹೋದಂತೆ. ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ತಾಯಿಗೆ, ಅಣ್ಣನಿಗೆ, ನಿಮಗೆ, ತೀರಿಹೋದ ತಮ್ಮನ ಕವಲಿಗೆ ತಲಾ ನಾಲ್ಕನೆಯ ಒಂದು ಪಾಲು. ತಮ್ಮನ ಪಾಲಿನಲ್ಲಿ ಅವರ ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ಹನ್ನೆರಡನೆಯ ಒಂದೊಂದು.

ನಿಮ್ಮನ್ನು ಕಟ್ಟಿಹಾಕಿರುವುದು ಆ ಎರಡು ಹನ್ನೆರಡನೆಯ ಪಾಲುಗಳೇ. ದೊಡ್ಡವರು ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಟ್ಟರೆ ಅವರ ಪಾಲು ನಿಮ್ಮದಾಗುತ್ತದೆ. ಆದರೆ ಅಪ್ರಾಪ್ತ ವಯಸ್ಸಿನ ಮಕ್ಕಳ ಸ್ಥಿರ ಸ್ವತ್ತನ್ನು ನ್ಯಾಯಾಲಯದ ಅನುಮತಿಯಿಲ್ಲದೆ ತಾಯಿಯೂ ಪರಭಾರೆ ಮಾಡುವಂತಿಲ್ಲ. ಅನುಮತಿ ಕೇಳಿದರೆ, ಇದರಿಂದ ಮಕ್ಕಳಿಗೆ ಏನು ಒಳಿತು ಎಂದು ನ್ಯಾಯಾಧೀಶರು ಕೇಳುತ್ತಾರೆ. ಪುಕ್ಕಟೆ ಬಿಟ್ಟುಕೊಡುವುದರಲ್ಲಿ ಒಳಿತು ತೋರಿಸುವುದು ಕಷ್ಟ. ಅವರ ಪಾಲಿನ ಬೆಲೆಯನ್ನು ಅವರ ಹೆಸರಿನಲ್ಲಿ ಠೇವಣಿ ಇಡುತ್ತೇವೆ ಎಂದು ಅರ್ಜಿ ಹಾಕಿದರೆ ದಾರಿ ತೆರೆದೀತು. ಇಲ್ಲವಾದರೆ ಚಿಕ್ಕ ಮಗುವಿಗೆ 18 ತುಂಬುವ ತನಕ ಕಾಯಬೇಕು.

ತೋಟದಲ್ಲಿಯೂ ಒಂದು ಎಳೆ ಇದೆ. ಉಯಿಲಿನಲ್ಲಿ ಹೆಸರಿರುವವರು ಬರೆದವರಿಗಿಂತ ಮೊದಲೇ ಸತ್ತರೆ ಸಾಮಾನ್ಯವಾಗಿ ಕೊಡುಗೆ ಬಿದ್ದುಹೋಗುತ್ತದೆ. ಸತ್ತವರು ಬರೆದವರ ಸ್ವಂತ ಮಕ್ಕಳಾಗಿದ್ದು ಅವರಿಗೂ ಸಂತಾನವಿದ್ದರೆ ಬೀಳುವುದಿಲ್ಲ (ಕಲಂ 109). ತಂದೆ ತೀರಿದ ಮರುಕ್ಷಣ ಮಗ ತೀರಿದ ಎಂದು ಕಾನೂನು ಭಾವಿಸುತ್ತದೆ. ಹಾಗಾಗಿ ತಮ್ಮನ ಅರ್ಧ ತೋಟ ಅವರ ವಾರಸುದಾರರಿಗೆ ಹೋಗುತ್ತದೆ. ಅವರಲ್ಲಿ ಹೆಂಡತಿ, ಮಕ್ಕಳ ಜೊತೆ ನಿಮ್ಮ ತಾಯಿಯೂ ಸೇರುತ್ತಾರೆ. ತಾಯಿ ಮೊದಲ ವರ್ಗದ ವಾರಸುದಾರಳು ಎಂಬುದನ್ನು ನಮ್ಮ ಜನ ಮರೆತೇಬಿಡುತ್ತಾರೆ.

ನಿವೃತ್ತ ಗುಮಾಸ್ತ · ಸೋಮವಾರ, ಬೆಳಿಗ್ಗೆ 6:50

ನೋಂದಣಿ ಕಚೇರಿಯಲ್ಲಿ 31 ವರ್ಷ ಕೆಲಸ ಮಾಡಿದವನು ನಾನು. ತಾಯಿ, ನಿಮ್ಮ ತಂದೆಯವರಂಥ ಶಿಸ್ತಿನ ಹಿರಿಯರನ್ನು ಬಹಳ ಮಂದಿಯನ್ನು ನೋಡಿದ್ದೇನೆ. ನೋಂದಣಿ ಆದ ದಿನ ರಸೀದಿಯನ್ನು ಮಡಚಿ ಜೇಬಿಗಿಟ್ಟುಕೊಂಡು, "ಅಬ್ಬ, ಒಂದು ಜವಾಬ್ದಾರಿ ಮುಗಿಯಿತು" ಎಂದು ಹೊರಡುತ್ತಾರೆ. ಮತ್ತೆ ಬರುವವರು ನೂರಕ್ಕೆ ಒಬ್ಬರೂ ಇರಲಿಲ್ಲ.

ಜನರ ತಲೆಯಲ್ಲಿ ಕುಳಿತಿರುವ ಕೆಲವು ತಪ್ಪು ತಿಳಿವಳಿಕೆಗಳಿವೆ. ನೋಂದಾಯಿಸಿದ ಉಯಿಲನ್ನು ಬದಲಿಸಲು ಆಗುವುದಿಲ್ಲ ಎನ್ನುವುದು ಮೊದಲನೆಯದು. ಬುದ್ಧಿ ಸ್ವಾಧೀನದಲ್ಲಿರುವ ತನಕ ಎಷ್ಟು ಬಾರಿಯಾದರೂ ಬದಲಿಸಬಹುದು. ಕೊನೆಯದಾಗಿ ಸರಿಯಾಗಿ ಬರೆದದ್ದೇ ನಿಲ್ಲುತ್ತದೆ, ಅದು ನೋಂದಣಿಯಾಗದ ಬಿಳಿ ಹಾಳೆಯಾದರೂ ಸರಿ. ಇನ್ನು ಛಾಪಾ ಕಾಗದ. ಉಯಿಲಿಗೆ ಮುದ್ರಾಂಕ ಶುಲ್ಕವೇ ಇಲ್ಲ. ಬದಲಿಸಿದರೆ ಮಕ್ಕಳಿಗೆ ಗೊತ್ತಾಗುತ್ತದೆ ಎಂದು ಹೆದರುವವರಿಗೂ ಒಂದು ಮಾತು: ಬರೆದವರು ಬದುಕಿರುವ ತನಕ ನೋಂದಾಯಿತ ಉಯಿಲಿನ ನಕಲನ್ನು ಅವರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಇಡುವ ವ್ಯವಸ್ಥೆಯೂ ಇದೆ, ಬೇಕಾದಾಗ ಹಿಂದಕ್ಕೆ ಪಡೆಯಬಹುದು.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ತೋಟದ ಸರ್ವೆ ನಂಬರನ್ನು ಇಂದಿನ ಪಹಣಿಯ ಜೊತೆ ಹೋಲಿಸಿ ನೋಡಿದ್ದೀರಾ? 2003 ರಲ್ಲಿ ಒಂದೇ ನಂಬರಾಗಿದ್ದ ಜಮೀನು ಪೋಡಿಯಾಗಿ, ಅಂದರೆ ಅಳತೆಯಾಗಿ ಬೇರೆ ಬೇರೆ ಭಾಗವಾಗಿ, ಹಿಸ್ಸಾ ಒಂದು, ಎರಡು, ಮೂರು ಎಂದು ಒಡೆದಿರಬಹುದು. ಅಳತೆಯಲ್ಲಿ ಗುಂಟೆಗಳು ಹೆಚ್ಚು ಕಡಿಮೆ ಆಗಿರಬಹುದು. ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕೂ ದಿಕ್ಕಿನ ಗಡಿಯ ವಿವರದಲ್ಲಿ, ಪೂರ್ವಕ್ಕೆ ಇಂಥವರ ಜಮೀನು ಎಂದು ಬರೆದಿರುತ್ತದೆ, ಅವರು ಮಾರಿ ಹೋಗಿ ಹದಿನೈದು ವರ್ಷವಾಗಿರುತ್ತದೆ. ಉಯಿಲಿನಲ್ಲಿ ಒಂದು ನಂಬರು, ಪಹಣಿಯಲ್ಲಿ ಇನ್ನೊಂದು ಇದ್ದರೆ ಹೆಸರು ಬದಲಾವಣೆಯ ಮ್ಯುಟೇಶನ್‌ಗೆ ಕೊಟ್ಟ ಅರ್ಜಿ ಅಲ್ಲಿಯೇ ನಿಂತುಬಿಡುತ್ತದೆ. ನಗರದಲ್ಲಿಯೂ ಇದೇ ಕಥೆ. ಹಳೆಯ ಖಾತಾ ನಂಬರು ಹೋಗಿ ಇ-ಖಾತೆ ಬಂದಿದೆ.

ಹಳೇಬೇರು · ಸೋಮವಾರ, ಬೆಳಿಗ್ಗೆ 11:20

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ನಮ್ಮದು ಕೋಲಾರದ ಕಡೆಯ ದೊಡ್ಡ ಕುಟುಂಬ. ನಮ್ಮ ದೊಡ್ಡಪ್ಪ ಎಂಟು ವರ್ಷಗಳಲ್ಲಿ ನಾಲ್ಕು ಬಾರಿ ಉಯಿಲು ಬದಲಿಸಿದರು. ಯಾವ ಮಗ ಹಬ್ಬಕ್ಕೆ ಬಂದ, ಯಾವ ಸೊಸೆ ಎದುರು ಮಾತಾಡಿದಳು ಎಂಬುದರ ಮೇಲೆ ಪಾಲು ಏರಿ ಇಳಿಯುತ್ತಿತ್ತು. ಅವರು ಹೋದ ಮೇಲೆ ನಾಲ್ಕೂ ಹೊರಬಂದವು. ಕೊನೆಯದನ್ನು ಬರೆದಾಗ ಅವರು ಹಾಸಿಗೆ ಹಿಡಿದಿದ್ದರು, ಬರೆಸಿದವನು ಚಿಕ್ಕ ಮಗ. ಒಂಬತ್ತು ವರ್ಷಗಳಿಂದ ದಾವೆ ನಡೆಯುತ್ತಿದೆ. ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ. ಹೀಗೆ ಹೊಸದಾಗಿ ಬರೆಯುವುದಕ್ಕಿಂತ ಬದುಕಿರುವಾಗಲೇ ದಾನಪತ್ರ ಮಾಡಿ ಕೈ ತೊಳೆದುಕೊಳ್ಳುವುದು ಒಳ್ಳೆಯದಲ್ಲವೇ?

ಧಾರವಾಡದ ವಕೀಲ · ಸೋಮವಾರ, ಮಧ್ಯಾಹ್ನ 1:05

ನಿಮ್ಮ ನೋವು ಅರ್ಥವಾಗುತ್ತದೆ. ಕಾನೂನಿಗೂ ಆ ಅನುಮಾನ ಇದೆ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ ಎಂಬ ಮೈಸೂರಿನ ಪ್ರಕರಣದಲ್ಲಿ 1958 ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಇವತ್ತಿಗೂ ದೇಶದ ಎಲ್ಲ ನ್ಯಾಯಾಲಯಗಳು ಅನುಸರಿಸುತ್ತವೆ. ಉಯಿಲಿನಿಂದ ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದರೆ ಅದು ಸಂಶಯಕ್ಕೆ ಕಾರಣ. ಆ ಸಂಶಯ ನೀಗಿಸುವ ಹೊರೆ ಉಯಿಲನ್ನು ಮುಂದಿಟ್ಟವನದೇ. ಆ ಪ್ರಕರಣದಲ್ಲಿ ಉಯಿಲು ರುಜುವಾತಾಗಲಿಲ್ಲ.

ನಿಮ್ಮ ದೊಡ್ಡಪ್ಪನವರು ಬದಲಿಸಿದ್ದು ಮನಸ್ಸಿನ ಸಿಟ್ಟಿಗೆ. ನಾವು ಮಾತಾಡುತ್ತಿರುವುದು ಮನೆಯಲ್ಲಿ ಆಗಿಹೋದ ಸಂಗತಿಗಳಿಗೆ ತಕ್ಕಂತೆ ಬದಲಿಸುವ ಬಗ್ಗೆ: ಸಾವು, ಹುಟ್ಟು, ಮದುವೆ, ಮಾರಾಟ, ಖರೀದಿ. ಹೊಸ ಉಯಿಲಿನಲ್ಲಿ ಹಳೆಯದರ ತಾರೀಖು ಹೇಳಿ, ಅದನ್ನು ರದ್ದುಪಡಿಸಿದ್ದೇನೆ, ಕಾರಣ ಇದು ಎಂದು ಒಂದು ಸಾಲು ಬರೆದರೆ ನಾಲ್ಕು ಉಯಿಲು ಎದುರುಬದುರು ನಿಲ್ಲುವ ಪ್ರಮೇಯ ಬರುವುದಿಲ್ಲ. ಹಾಸಿಗೆ ಹಿಡಿಯುವ ಮೊದಲೇ ಬರೆಯಿರಿ ಎಂದು ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ.

ದಾನಪತ್ರವನ್ನು ದಯವಿಟ್ಟು ಹಗುರವಾಗಿ ಎಣಿಸಬೇಡಿ. ಉಯಿಲು ಬರೆದವರು ಕೊನೆಯ ಉಸಿರಿನ ತನಕ ತಮ್ಮ ಮನೆಗೆ ತಾವೇ ಯಜಮಾನರು. ದಾನಪತ್ರ ನೋಂದಣಿಯಾದ ಕ್ಷಣ ಯಜಮಾನಿಕೆ ಹೋಯಿತು. 2007 ರ ಹಿರಿಯ ನಾಗರಿಕರ ಕಾಯ್ದೆಯ 23 ನೆಯ ಕಲಂ ಅಡಿಯಲ್ಲಿ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟದ್ದನ್ನು ರದ್ದುಮಾಡಿಸಬಹುದು, ನಿಜ. ಆದರೆ 75 ದಾಟಿದ ತಾಯಿಯೊಬ್ಬಳು ಉಪವಿಭಾಗಾಧಿಕಾರಿ ಕಚೇರಿಯ ಬೆಂಚಿನ ಮೇಲೆ ಮಗನ ವಿರುದ್ಧ ಅರ್ಜಿ ಹಿಡಿದು ಕುಳಿತಿದ್ದನ್ನು ನಾನು ನೋಡಿದ್ದೇನೆ. ಯಾರಿಗೂ ಅದು ಬೇಡ.

ನೇತ್ರಾವತಿ ದಂಡೆ · ಸೋಮವಾರ, ಸಂಜೆ 7:30

ನಾವು ಮಂಗಳೂರಿನ ಕ್ರೈಸ್ತರು. ನಮ್ಮ ಮನೆಯಲ್ಲಿ ಆದದ್ದು ಇನ್ನೂ ವಿಚಿತ್ರ. ತಾಯಿ ತೀರಿಕೊಂಡ ಮೇಲೆ ತಂದೆ ಉಯಿಲು ಬರೆದು ಎಲ್ಲವನ್ನೂ ಸರಿಯಾಗಿ ಹಂಚಿದ್ದರು. ಮನೆಯಲ್ಲಿಯೇ ಇದ್ದು ಅವರನ್ನು ನೋಡಿಕೊಂಡ ಅಂಗವಿಕಲ ಅಕ್ಕನಿಗೆ ಮನೆ ಪೂರ್ತಿ. ನಾಲ್ಕು ವರ್ಷದ ನಂತರ ಎಲ್ಲರ ಒಪ್ಪಿಗೆಯಿಂದಲೇ ಇನ್ನೊಂದು ಮದುವೆಯಾದರು. ಚಿಕ್ಕಮ್ಮ ಬಹಳ ಒಳ್ಳೆಯವರು. ಆದರೆ ಆ ಮದುವೆಯ ದಿನವೇ ಹಿಂದಿನ ಉಯಿಲು ಸತ್ತುಹೋಯಿತು ಎಂದು ನಮಗೆ ಯಾರೂ ಹೇಳಿರಲಿಲ್ಲ. ಉತ್ತರಾಧಿಕಾರ ಅಧಿನಿಯಮದ 69 ನೆಯ ಕಲಂ ಪ್ರಕಾರ ಮದುವೆಯಾದರೆ ಹಿಂದೆ ಬರೆದ ಉಯಿಲು ತಾನಾಗಿಯೇ ರದ್ದು. ತಂದೆ ಹೋದ ಮೇಲೆ ಮೂರನೆಯ ಒಂದು ಭಾಗ ಚಿಕ್ಕಮ್ಮನಿಗೆ, ಉಳಿದದ್ದು ನಾವು ಐವರು ಮಕ್ಕಳಿಗೆ ಸಮನಾಗಿ ಹೋಯಿತು. ಇಡೀ ಮನೆ ತನ್ನದೆಂದುಕೊಂಡಿದ್ದ ಅಕ್ಕನಿಗೆ ಸಿಕ್ಕಿದ್ದು ಹದಿನೈದರಲ್ಲಿ ಎರಡು ಪಾಲು. ಎಲ್ಲರೂ ಕೂತು ಸರಿಪಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಅಷ್ಟು ದಿನವೂ ಅಕ್ಕ ರಾತ್ರಿ ನಿದ್ದೆ ಮಾಡದೆ, "ನನ್ನನ್ನು ಎಲ್ಲಿಗೆ ಕಳುಹಿಸುತ್ತೀರಿ" ಎಂದು ಕೇಳುತ್ತಿದ್ದಳು.

ಧಾರವಾಡದ ವಕೀಲ · ಸೋಮವಾರ, ರಾತ್ರಿ 8:10

ಇದು ಬಹಳ ಮುಖ್ಯವಾದ ಮಾತು. ಈ ನಿಯಮ ಕ್ರೈಸ್ತರಿಗೆ, ಪಾರ್ಸಿಗಳಿಗೆ ಅನ್ವಯಿಸುತ್ತದೆ. ಹಿಂದೂಗಳ ಉಯಿಲು ಮದುವೆಯಿಂದ ರದ್ದಾಗುವುದಿಲ್ಲ, ಮದುವೆಗೆ ಮೊದಲು ಬರೆದದ್ದು ಹಾಗೆಯೇ ನಿಂತು ಹೊಸ ಹೆಂಡತಿಯ ಹೆಸರೇ ಇಲ್ಲದಂತಾಗುತ್ತದೆ. ಅದೂ ಅಪಾಯವೇ. ವಿಚ್ಛೇದನವಾದ ಮಾತ್ರಕ್ಕೆ ಉಯಿಲಿನಲ್ಲಿರುವ ಹೆಸರು ತಾನಾಗಿ ಅಳಿಸಿಹೋಗುತ್ತದೆ ಎಂದೂ ನಂಬಬೇಡಿ. ಮುಸ್ಲಿಮರಿಗೆ ಬೇರೆಯೇ ಮಿತಿ ಇದೆ: ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನ ಮೂಲಕ ಕೊಡುವಂತಿಲ್ಲ.

2005 ಕ್ಕಿಂತ ಹಿಂದೆ ಬರೆದ ಉಯಿಲು ಮನೆಯಲ್ಲಿದ್ದು ಅದರಲ್ಲಿ ಪಿತ್ರಾರ್ಜಿತ ಜಮೀನು ಸೇರಿದ್ದರೆ ಅದನ್ನು ಈ ವಾರವೇ ತೆಗೆದು ಓದಿ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂಬ ತಿದ್ದುಪಡಿ ಬಂದದ್ದು 2005 ರ ಸೆಪ್ಟೆಂಬರ್ 9 ರಂದು. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020 ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ತಂದೆ ತನ್ನ ಪಾಲನ್ನು ಮಾತ್ರ ಉಯಿಲಿನಲ್ಲಿ ಕೊಡಬಹುದು. ಮಗಳ ಪಾಲನ್ನು ಗಂಡುಮಕ್ಕಳಿಗೆ ಬರೆದಿದ್ದರೆ ಆ ಭಾಗಕ್ಕೆ ಬಲವಿಲ್ಲ.

ಜಯನಗರ ನಾಲ್ಕನೇ ಬ್ಲಾಕ್ · ಸೋಮವಾರ, ರಾತ್ರಿ 10:25

ನಾಮಿನಿಯ ಬಗ್ಗೆ ಯಾರೂ ಹೇಳಲಿಲ್ಲ. ಉಯಿಲು ಒಂದು ಹೆಸರು, ನಾಮಿನಿ ಇನ್ನೊಂದು ಹೆಸರು ಹೇಳುವ ಮನೆಗಳು ಬೆಂಗಳೂರಿನಲ್ಲಿ ಲೆಕ್ಕವಿಲ್ಲದಷ್ಟಿವೆ. ನನ್ನ ಸಹೋದ್ಯೋಗಿಯೊಬ್ಬರು 26 ನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಾಗ ಎಲ್ಲ ಕಡೆ ಅಣ್ಣನ ಹೆಸರು ಕೊಟ್ಟಿದ್ದರು. ಮದುವೆಯಾಗಿ, ಮಗುವಾಗಿ, 41 ಕ್ಕೆ ಹೋದರು. ಭವಿಷ್ಯ ನಿಧಿಯ ಮಟ್ಟಿಗೆ ಕಾನೂನೇ ಕೈ ಹಿಡಿಯಿತು, ಸಂಸಾರ ಬಂದ ಕೂಡಲೇ ಹಳೆಯ ನಾಮನಿರ್ದೇಶನ ಅಸಿಂಧುವಾಗುತ್ತದೆ. ಬ್ಯಾಂಕಿನ ಠೇವಣಿ, ಷೇರುಗಳಲ್ಲಿ ಹಾಗಿಲ್ಲ.

ನಾಮಿನಿ ಹಣವನ್ನು ಕೈಗೆ ತೆಗೆದುಕೊಳ್ಳುವವನು, ಒಡೆಯನಲ್ಲ. ವಿಮೆಯ ಬಗ್ಗೆ 1983 ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ, ಷೇರುಗಳ ಬಗ್ಗೆ 2023 ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ವಿಮೆಯಲ್ಲಿ ಮಾತ್ರ 2015 ರ ತಿದ್ದುಪಡಿಯ ನಂತರ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ ಎಂದಾಗಿದೆ. ಬ್ಯಾಂಕ್ ಖಾತೆಗೆ 2025 ರ ನವೆಂಬರ್ 1 ರಿಂದ ನಾಲ್ವರ ತನಕ ನಾಮಿನಿ ಇಡಬಹುದು. ಹೊಸ ಉಯಿಲು ಬರೆದ ದಿನವೇ ಪಾಸ್‌ಬುಕ್ಕುಗಳನ್ನೂ ಮುಂದಿಟ್ಟುಕೊಂಡು ಹೆಸರು ಸರಿ ಇದೆಯೇ ನೋಡಿ.

ಥೇಮ್ಸ್ ದಡದ ಕನ್ನಡಿಗ · ಮಂಗಳವಾರ, ನಸುಕಿನ 3:40

ಹೊರದೇಶದಲ್ಲಿರುವವರಿಗೆ ಎರಡು ಮಾತು. ನಾನು ಇಂಗ್ಲೆಂಡಿನಲ್ಲಿ ನೆಲೆಸಿ 22 ವರ್ಷ. ಇಲ್ಲಿಯ ಕಾನೂನಿನಲ್ಲಿ ಮದುವೆಯಿಂದ ಹಿಂದಿನ ಉಯಿಲು ರದ್ದಾಗುತ್ತದೆ, ಧರ್ಮ ಯಾವುದಾದರೂ ಸರಿ. ಇದಕ್ಕಿಂತ ಸದ್ದಿಲ್ಲದ ಅಪಾಯ ಇನ್ನೊಂದಿದೆ. ಹಾಸನದ ಮನೆಗೆಂದು ಊರಿನಲ್ಲಿ ಒಂದು ಉಯಿಲು ಬರೆದಿದ್ದೆ. ಆರು ವರ್ಷದ ನಂತರ ಇಲ್ಲಿಯ ಮನೆಗೆಂದು ಇನ್ನೊಂದು ಬರೆಸಿದೆ. ಇಲ್ಲಿಯ ಮಾದರಿಯ ಮೊದಲ ಸಾಲೇ "ನನ್ನ ಹಿಂದಿನ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ" ಎಂದು. ಸಹಿ ಹಾಕುವ ಮೇಜಿನ ಮುಂದೆ ನನ್ನ ಹೆಂಡತಿ, "ಹಾಗಾದರೆ ಹಾಸನದ್ದು?" ಎಂದು ಕೇಳದೆ ಹೋಗಿದ್ದರೆ ಊರಿನ ಉಯಿಲು ಅಲ್ಲಿಯೇ ಹೋಗುತ್ತಿತ್ತು. "ಭಾರತದ ಸ್ವತ್ತಿಗೆ ಸಂಬಂಧಿಸಿದ ಇಂಥ ತಾರೀಖಿನ ಉಯಿಲನ್ನು ಬಿಟ್ಟು" ಎಂದು ಸೇರಿಸಿದೆವು. ಎರಡು ದೇಶದಲ್ಲಿ ಉಯಿಲು ಇರುವವರು ಒಂದನ್ನು ಮುಟ್ಟುವಾಗ ಇನ್ನೊಂದನ್ನು ಎದುರಿಗಿಟ್ಟುಕೊಳ್ಳಿ.

ಹೇಮಾವತಿ · ಮಂಗಳವಾರ, ಬೆಳಿಗ್ಗೆ 10:00

ನಾನು ಮಕ್ಕಳಿಲ್ಲದ ವಿಧವೆ, ನಿವೃತ್ತ ಶುಶ್ರೂಷಕಿ. ನನ್ನ ಸಂಬಳದಲ್ಲಿ ಕಟ್ಟಿದ ಮನೆ, ಉಯಿಲಿಲ್ಲದೆ ಸತ್ತರೆ, ನನ್ನ ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆಂದು ತಿಳಿದು 2011 ರಲ್ಲಿ ನನ್ನ ತಂಗಿಯ ಹೆಸರಿಗೆ ಉಯಿಲು ಬರೆದೆ. ತಂಗಿ ಹೋದ ವರ್ಷ ತೀರಿಕೊಂಡಳು. ಅವಳ ಮಗಳು ನನ್ನ ಜೊತೆಯಲ್ಲಿಯೇ ಇದ್ದಾಳೆ. ವಕೀಲರೇ, ತಂಗಿಯ ಪಾಲು ಅವಳ ಮಗಳಿಗೆ ತಾನಾಗಿ ಹೋಗುತ್ತದೆಯೇ?

ಧಾರವಾಡದ ವಕೀಲ · ಮಂಗಳವಾರ, ಬೆಳಿಗ್ಗೆ 10:20

ಇಲ್ಲ ತಾಯಿ, ಹೋಗುವುದಿಲ್ಲ. ನಾನು ಮೇಲೆ ಹೇಳಿದ 109 ನೆಯ ಕಲಂ ಬರೆದವರ ಸ್ವಂತ ಮಕ್ಕಳು, ಮೊಮ್ಮಕ್ಕಳಿಗೆ ಮಾತ್ರ. ತಂಗಿಗೆ ಬರೆದದ್ದು ಬಿದ್ದುಹೋಗಿದೆ. ಇವತ್ತಿನ ಮಟ್ಟಿಗೆ ನೀವು ಉಯಿಲಿಲ್ಲದವರಂತೆಯೇ. ದಯವಿಟ್ಟು ಈ ವಾರ ಹೊಸದನ್ನು ಬರೆಯಿರಿ. ಆ ಹುಡುಗಿಯನ್ನು ಸಾಕ್ಷಿಯನ್ನಾಗಿ ಮಾಡಬೇಡಿ, ಬರೆಯುವಾಗ ಕೋಣೆಯಲ್ಲಿಯೂ ಇರುವುದು ಬೇಡ.

ಹೇಮಾವತಿ · ಮಂಗಳವಾರ, ಬೆಳಿಗ್ಗೆ 10:35

ಗುರುವಾರಕ್ಕೆ ಪತ್ರಬರಹಗಾರರನ್ನು ಬರಹೇಳಿದ್ದೇನೆ. ನಿಮ್ಮ ಹೊಟ್ಟೆ ತಣ್ಣಗಿರಲಿ.

ತುಂಗಾತೀರ · ಮುಂದಿನ ಭಾನುವಾರ, ಸಂಜೆ 5:45

ಎಲ್ಲರಿಗೂ ಕೈಮುಗಿಯುತ್ತೇನೆ. ಗುಮಾಸ್ತರು ಹೇಳಿದ್ದು ನಿಜವಾಯಿತು, ತೋಟ 2009 ರಲ್ಲಿ ಪೋಡಿಯಾಗಿ ಎರಡು ಹಿಸ್ಸಾ ಆಗಿದೆ. ಅಣ್ಣ ಪೋಡಿ ನಕ್ಷೆಯ ನಕಲಿಗೆ ಅರ್ಜಿ ಕೊಟ್ಟಿದ್ದಾನೆ. ಫ್ಲ್ಯಾಟನ್ನು ಸದ್ಯಕ್ಕೆ ಎಲ್ಲರ ಹೆಸರಿಗೂ ಜಂಟಿಯಾಗಿ ಮಾಡಿಸಿ, ಬಾಡಿಗೆಯಲ್ಲಿ ಮಕ್ಕಳ ಪಾಲನ್ನು ಅವರ ಖಾತೆಗೆ ಹಾಕುವುದೆಂದು ತೀರ್ಮಾನಿಸಿದ್ದೇವೆ. ಮಕ್ಕಳ ಪಾಲಿನ ಬೆಲೆ ಕೊಡುವ ಅರ್ಜಿಯ ಬಗ್ಗೆ ಆಮೇಲೆ ನೋಡುತ್ತೇವೆ. ತಮ್ಮನ ಹೆಂಡತಿ ಅಳುತ್ತಾ, "ಅಕ್ಕ, ನಾನು ಬಿಟ್ಟುಕೊಡುವುದಿಲ್ಲ ಎಂದು ಮಾವ ಮೇಲಿಂದ ಅಂದುಕೊಂಡಿರುತ್ತಾರೆಯೇ" ಎಂದಳು. ಅವಳ ತಪ್ಪು ಇದರಲ್ಲಿ ಏನಿದೆ?

ನಿಮ್ಮ ಮಾತುಗಳನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅಮ್ಮನಿಗೆ 78. ಸುಮ್ಮನೆ ಕೇಳಿಸಿಕೊಂಡು, ಒಳಗೆ ಹೋಗಿ, ಎರಡೆಳೆ ಸರ, ನಾಲ್ಕು ಬಳೆ, ಅಂಚೆ ಕಚೇರಿಯ ಪುಸ್ತಕ ತಂದು ಚಾಪೆಯ ಮೇಲೆ ಇಟ್ಟರು. "ಫ್ಲ್ಯಾಟಿನಲ್ಲಿ ನನಗೆ ಬಂದದ್ದು ನಿನಗೆ. ತೋಟದಲ್ಲಿ ತಮ್ಮನ ಕಡೆಯಿಂದ ಬಂದದ್ದು ಅವನ ಮಕ್ಕಳಿಗೇ ವಾಪಸು. ಸರ ದೊಡ್ಡ ಸೊಸೆಗೆ. ಈಗಲೇ ಬರೆ" ಎಂದರು. ನಾನು ಬರೆಯಬಾರದಂತೆ, ಪತ್ರಬರಹಗಾರರನ್ನೇ ಕರೆಸಬೇಕಂತೆ ಎಂದೆ. "ಹಾಗಾದರೆ ನಾಳೆ ಕರೆಸು" ಎಂದರು. ಗುಮಾಸ್ತರೇ, ಈ ವಯಸ್ಸಿಗೆ ವೈದ್ಯರ ಪ್ರಮಾಣಪತ್ರ ಬೇಕೇ?

ನಿವೃತ್ತ ಗುಮಾಸ್ತ · ಮುಂದಿನ ಭಾನುವಾರ, ಸಂಜೆ 6:10

ಕಾನೂನಿನಲ್ಲಿ ಕಡ್ಡಾಯವಿಲ್ಲ ತಾಯಿ, ಆದರೂ ಮಾಡಿಸಿ. ಅವರನ್ನು ದಿನಾ ನೋಡುವ ವೈದ್ಯರಿಂದಲೇ, ಉಯಿಲು ಬರೆಯುವ ದಿನದ ತಾರೀಖಿಗೇ ಪಡೆಯಿರಿ. ಸಾಕ್ಷಿಗಳು ಅಮ್ಮನಿಗಿಂತ ಬಹಳ ಚಿಕ್ಕವರಾಗಿರಲಿ, ಮುಂದೆ ಕರೆದರೆ ಬಂದು ನಿಲ್ಲುವಂಥವರು. ಪ್ರತಿ ಪುಟಕ್ಕೂ ಅಮ್ಮನ ಸಹಿ ಇರಲಿ. ಸಹಿ ಹಾಕುವ ಮೊದಲು ಪೂರ್ತಿ ಓದಿಸಿ, ಅವರಿಗೆ ಕನ್ನಡಕ ಕೊಡುವುದನ್ನು ಮರೆಯಬೇಡಿ.